ರಿಸೆಟ್ ಒತ್ತುವ ಮೊದಲು: ವೈ-ಫೈ ಅಡುಗೆ ಉಪಕರಣಗಳ ದುರಸ್ತಿಯಲ್ಲಿ ಕಂಡದ್ದು

ಬೆಂಗಳೂರಿನ ಗೃಹೋಪಯೋಗಿ ಉಪಕರಣಗಳ ಸರ್ವಿಸ್ ಸಂಸ್ಥೆಯೊಂದರಲ್ಲಿ ವೈ-ಫೈ ಇರುವ ಓವನ್, ಏರ್ ಫ್ರೈಯರ್ ಮತ್ತು ಮಲ್ಟಿಕುಕ್ಕರ್‌ಗಳ ದೂರುಗಳು ನನ್ನ ಪಾಲಿಗೆ ಬರುತ್ತವೆ. ದೂರು ಬರೆದಿರುವ ಜಾಬ್ ಕಾರ್ಡಿನಲ್ಲಿ ಸಾಮಾನ್ಯವಾಗಿ ಇರುವುದು 'ಓವನ್ ಕೆಲಸ ಮಾಡುತ್ತಿಲ್ಲ' ಎಂಬ ಒಂದೇ ಸಾಲು. ಮನೆಗೆ ಹೋಗಿ ನೋಡಿದರೆ ಓವನ್ ಸೊಗಸಾಗಿ ಕಾಯುತ್ತಿರುತ್ತದೆ. ಆ್ಯಪ್‌ನಲ್ಲಿ ಮಾತ್ರ 'ಆಫ್‌ಲೈನ್' ಎಂದು ತೋರಿಸುತ್ತಿರುತ್ತದೆ. ಆದ್ದರಿಂದ ಹೊರಡುವ ಮೊದಲೇ ಫೋನಿನಲ್ಲಿ ನಾನು ಕೇಳುವ ಪ್ರಶ್ನೆ ಒಂದೇ: ಉಪಕರಣದ ಮೇಲಿರುವ ಗುಂಡಿಗಳನ್ನೇ ಒತ್ತಿದರೆ ಅಡುಗೆ ಆಗುತ್ತದೆಯೇ? ಆಗುತ್ತದೆ ಎಂದಾದರೆ ಹೀಟರ್, ಸೆನ್ಸರ್, ಬೋರ್ಡುಗಳ ಚಿಂತೆ ಬಿಟ್ಟು ನೆಟ್‌ವರ್ಕಿನ ಕಡೆಗೆ ಗಮನ ಕೊಡಬಹುದು.

ನಾವು ತಲುಪುವ ಹೊತ್ತಿಗೆ ಮನೆಯವರಲ್ಲಿ ಯಾರಾದರೊಬ್ಬರು ಉಪಕರಣವನ್ನು ಫ್ಯಾಕ್ಟರಿ ರಿಸೆಟ್ (ಎಲ್ಲ ಸೆಟ್ಟಿಂಗ್ ಅಳಿಸಿ ಹೊಸತರ ಸ್ಥಿತಿಗೆ ತರುವುದು) ಮಾಡಿ ಆಗಿರುತ್ತದೆ. ಇದು ಬಹಳ ಮಟ್ಟಿಗೆ ನಮ್ಮ ಕಾಲ್ ಸೆಂಟರುಗಳೇ ಕಲಿಸಿಕೊಟ್ಟ ಅಭ್ಯಾಸ ಎಂಬುದು ನನ್ನ ಅನಿಸಿಕೆ. ರಿಸೆಟ್‌ನಿಂದ ಕೆಲವೊಮ್ಮೆ ಸಮಸ್ಯೆ ಮಾಯವಾಗುವುದು ನಿಜ, ಆದರೆ ಅದರ ಕಾರಣವೂ ಅದರ ಜೊತೆಗೇ ಮಾಯವಾಗುತ್ತದೆ. ಉಪಕರಣ ಯಾವ ನೆಟ್‌ವರ್ಕಿನ ಹೆಸರನ್ನು ನೆನಪಿಟ್ಟುಕೊಂಡಿತ್ತು, ಅದರ ದೀಪ ಹೇಗೆ ಮಿನುಗುತ್ತಿತ್ತು, ಪರದೆಯ ಮೇಲೆ ಯಾವ ಎರರ್ ಸಂಖ್ಯೆ ಇತ್ತು ಎಂಬ ಸುಳಿವುಗಳೆಲ್ಲ ಅಳಿಸಿಹೋಗುತ್ತವೆ. ಅದಕ್ಕಿಂತ ಕೆಟ್ಟ ಪರಿಣಾಮವೆಂದರೆ, ರೂಟರ್‌ವರೆಗೆ ಸರಿಯಾಗಿ ತಲುಪಿ ಅದರಾಚೆಗೆ ಮಾತ್ರ ಸಿಕ್ಕಿಹಾಕಿಕೊಂಡಿದ್ದ ಉಪಕರಣವು ರಿಸೆಟ್ ಆದ ಮೇಲೆ ರೂಟರನ್ನೂ ಕಾಣದ ಸ್ಥಿತಿಗೆ ಬರುತ್ತದೆ; ಆಗ ಹಳೆಯ ತೊಂದರೆಯ ಮೇಲೆ ಹೊಸದೊಂದು ತೊಂದರೆಯನ್ನು ಪೇರಿಸಿದಂತಾಗುತ್ತದೆ.

ಫೋನ್ ಮತ್ತು ಓವನ್ ಒಂದೇ ಕೋಣೆಯಲ್ಲಿರುವುದರಿಂದ ಅವೆರಡೂ ನೇರವಾಗಿ ಮಾತನಾಡಿಕೊಳ್ಳುತ್ತವೆ ಎಂದೇ ಹೆಚ್ಚಿನವರು ಭಾವಿಸಿರುತ್ತಾರೆ. ಆದರೆ ಇಂತಹ ಬಹುಪಾಲು ಉಪಕರಣಗಳಲ್ಲಿ ಆ್ಯಪ್‌ನ ಆದೇಶ ಮೊದಲು ತಯಾರಕರ ಸರ್ವರ್‌ಗೆ ಹೋಗಿ, ಅಲ್ಲಿಂದ ಬ್ರಾಡ್‌ಬ್ಯಾಂಡ್ ಮೂಲಕ ಮನೆಯ ರೂಟರ್‌ಗೆ ಬಂದು, ಅನಂತರ ಗಾಳಿಯಲ್ಲಿ ಓವನ್ನನ್ನು ಮುಟ್ಟುತ್ತದೆ. ಈ ದಾರಿ ಎಲ್ಲಿ ಕಡಿದಿದೆ ಎಂದು ತಿಳಿಯಲು ನಾನು ಮೊದಲು ರೂಟರಿನ ಪುಟವನ್ನು ತೆರೆದು, ಜೋಡಣೆಯಾಗಿರುವ ಉಪಕರಣಗಳ ಪಟ್ಟಿಯನ್ನು ನೋಡುತ್ತೇನೆ. ಓವನ್ ಆ ಪಟ್ಟಿಯಲ್ಲಿದ್ದು, ಅದಕ್ಕೆ 192.168 ಎಂದು ಆರಂಭವಾಗುವ ವಿಳಾಸ ದೊರೆತಿದ್ದರೆ, ಪಾಸ್‌ವರ್ಡ್ ಮತ್ತು ನಿಸ್ತಂತು ಜೋಡಣೆ ಸರಿಯಿವೆ ಎಂದರ್ಥ. ದೋಷವನ್ನು ರೂಟರ್‌ನಿಂದ ಆಚೆಗೆ ಹುಡುಕಬೇಕು. ಪಟ್ಟಿಯಲ್ಲೇ ಇಲ್ಲದಿದ್ದರೆ ಈಚೆಗೆ ಹುಡುಕಬೇಕು.

ಈಚೆಗೆ ಹುಡುಕುವಾಗ ನನಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ಒಂದು ಸಣ್ಣ ಉಪಾಯ. ಮನೆಯ ರೂಟರನ್ನು ಆಫ್ ಮಾಡಿ, ನನ್ನ ಫೋನಿನಲ್ಲಿ ಅದೇ ಹೆಸರು ಮತ್ತು ಅದೇ ಪಾಸ್‌ವರ್ಡ್ ಕೊಟ್ಟು, ಇಂತಹ ಹಲವು ಉಪಕರಣಗಳು ಬಳಸುವ 2.4 ಗಿಗಾಹರ್ಟ್ಸ್ ಬ್ಯಾಂಡ್ (ತರಂಗಪಟ್ಟಿ) ಮೇಲೆ ಹಾಟ್‌ಸ್ಪಾಟ್ ಹಾಕುತ್ತೇನೆ. ಭದ್ರತೆಯ ಬಗೆಯೂ, ಉದಾಹರಣೆಗೆ ಡಬ್ಲ್ಯೂಪಿಎ2, ಮನೆಯಲ್ಲಿ ಇದ್ದದ್ದೇ ಆಗಿರಬೇಕು. ಉಪಕರಣಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ತನ್ನ ಹಳೆಯ ನೆಟ್‌ವರ್ಕ್ ಮರಳಿ ಬಂದಿದೆ ಎಂದುಕೊಂಡು ತಾನಾಗಿಯೇ ಸೇರಿಕೊಳ್ಳುತ್ತದೆ. ಅದರ ಒಂದು ಸೆಟ್ಟಿಂಗನ್ನೂ ಮುಟ್ಟದೆ, ದೋಷ ಉಪಕರಣದ್ದೋ ಮನೆಯ ರೂಟರ್ ಮತ್ತು ಬ್ರಾಡ್‌ಬ್ಯಾಂಡಿನದ್ದೋ ಎಂಬುದು ಕೆಲವೇ ನಿಮಿಷಗಳಲ್ಲಿ ಇತ್ಯರ್ಥವಾಗುತ್ತದೆ. ಐಫೋನ್ 12 ಮತ್ತು ನಂತರದ ಮಾದರಿಗಳಲ್ಲಿ ಹಾಟ್‌ಸ್ಪಾಟ್ 2.4ರಲ್ಲಿ ಬರಬೇಕಾದರೆ 'ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ' ಎಂಬ ಆಯ್ಕೆಯನ್ನು ಹಾಕಿಕೊಳ್ಳಬೇಕಾಗುತ್ತದೆ. ರಿಸೆಟ್ ಆಗಿರುವ ಉಪಕರಣದ ಮೇಲೆ ಈ ಪರೀಕ್ಷೆ ನಡೆಯುವುದಿಲ್ಲವಾದ್ದರಿಂದಲೇ ರಿಸೆಟ್ ಮೇಲೆ ನನಗೆ ಇಷ್ಟು ಸಿಟ್ಟು.

ಈ ಉಪಾಯ ಬೆಲೆ ತೋರಿಸಿದ ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬನಶಂಕರಿಯ ಹಿರಿಯ ದಂಪತಿಯ ಮನೆಯಲ್ಲಿ, ಮಗಳು ಅಮೆರಿಕದಿಂದ ತಂದುಕೊಟ್ಟ ಮಲ್ಟಿಕುಕ್ಕರ್ ಇತ್ತು. ಅದು 120 ವೋಲ್ಟಿನದ್ದಾದ್ದರಿಂದ ನಮ್ಮ 230 ವೋಲ್ಟಿಗೆ ಹೊಂದಿಸಲು ಪಕ್ಕದಲ್ಲೊಂದು ಭಾರವಾದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕುಳಿತಿತ್ತು. ಬಂದವರೆಲ್ಲ ಅನುಮಾನಿಸಿದ್ದು ಅದನ್ನೇ; ಆದರೆ ಅದರ ವ್ಯಾಟ್ ಸಾಮರ್ಥ್ಯ ಕುಕ್ಕರಿನ ಅಗತ್ಯಕ್ಕಿಂತ ಹೆಚ್ಚೇ ಇತ್ತು, ಕುಕ್ಕರಿನಲ್ಲಿ ಅನ್ನ, ಬೇಳೆ ನಿತ್ಯವೂ ಬೇಯುತ್ತಿದ್ದವು. ದೂರು ಇದ್ದದ್ದು ಇಷ್ಟೇ: ಆ್ಯಪ್ ಕೆಲವು ದಿನ ಕುಕ್ಕರನ್ನು ಕಾಣುತ್ತದೆ, ಕೆಲವು ದಿನ ಎಷ್ಟು ಹೊತ್ತು ಕಾದರೂ ಕಾಣುವುದಿಲ್ಲ. ಯಾವಾಗ ಹೀಗಾಗುತ್ತದೆ ಎಂದು ಕೇಳಿದಾಗ ಮನೆಯ ಅಜ್ಜಿ, "ಕರೆಂಟ್ ಹೋಗಿ ಬಂದ್ಮೇಲೆ ನೋಡಪ್ಪಾ, ಅದೂ ಎಲ್ಲ ಸಲ ಅಲ್ಲ, ಒಂದೊಂದು ಸಲ" ಎಂದರು. ಆ 'ಒಂದೊಂದು ಸಲ' ಎಂಬುದನ್ನು ನಾನು ಕಾರ್ಡಿನಲ್ಲಿ ಬರೆದುಕೊಂಡೆ.

ಕರೆಂಟ್ ಬಂದಾಗ ಕುಕ್ಕರ್ ಕೆಲವೇ ಸೆಕೆಂಡುಗಳಲ್ಲಿ ಎಚ್ಚರಗೊಳ್ಳುತ್ತದೆ, ಆದರೆ ಫೈಬರ್ ಪೆಟ್ಟಿಗೆ ಮತ್ತು ರೂಟರ್ ಸಿದ್ಧವಾಗಲು ಒಂದೆರಡು ನಿಮಿಷವಾದರೂ ಬೇಕು. ಕೆಲವು ಉಪಕರಣಗಳು ಅಷ್ಟರಲ್ಲಿ ಪ್ರಯತ್ನವನ್ನೇ ಕೈಬಿಡುತ್ತವೆ. ಅವುಗಳನ್ನು ಮತ್ತೊಮ್ಮೆ ಆರಿಸಿ ಹಾಕಿದರೆ ಸಾಕು. ಇಲ್ಲಿ ಹಾಗೆ ಮಾಡಿದರೂ ಫಲವಿರಲಿಲ್ಲ. ಹಾಟ್‌ಸ್ಪಾಟ್ ಹಾಕಿದಾಗ ಮಾತ್ರ ಕುಕ್ಕರ್ ತಕ್ಷಣ ಸೇರಿಕೊಂಡಿತು. ಎಂದರೆ ಕುಕ್ಕರಿನ ರೇಡಿಯೊ ಸರಿಯಿದೆ, ಪಾಸ್‌ವರ್ಡ್ ಸರಿಯಿದೆ, ಕಂಪನಿಯ ಸರ್ವರ್ ಕೂಡ ಸಿಗುತ್ತಿದೆ. ರೂಟರಿನ ಪುಟದಲ್ಲಿ ನೋಡಿದರೆ ಚಾನೆಲ್ (ಬ್ಯಾಂಡಿನೊಳಗಿನ ಸಣ್ಣ ಓಣಿ) ಆಯ್ಕೆ 'ಆಟೋ' ಎಂದಿತ್ತು, ಮತ್ತು ರೂಟರ್ ಅಂದು ಆರಿಸಿಕೊಂಡಿದ್ದು 13ನೇ ಚಾನೆಲ್ಲನ್ನು.

ಭಾರತದಲ್ಲಿ 2.4 ಗಿಗಾಹರ್ಟ್ಸ್ ವೈ-ಫೈಗೆ 1ರಿಂದ 13ರವರೆಗಿನ ಚಾನೆಲ್‌ಗಳನ್ನು ಬಳಸಬಹುದು. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಉಪಕರಣಗಳು ಸಾಮಾನ್ಯವಾಗಿ 11ಕ್ಕೇ ನಿಲ್ಲುತ್ತವೆ. 12 ಮತ್ತು 13ರಲ್ಲಿ ನೆಟ್‌ವರ್ಕ್ ಇದ್ದರೂ ಅವುಗಳಿಗೆ ಅದು ಕಾಣುವುದೇ ಇಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ರೂಟರ್ ಅಕ್ಕಪಕ್ಕದ ದಟ್ಟಣೆಯನ್ನು ನೋಡಿ ಹೊಸದಾಗಿ ಚಾನೆಲ್ ಆರಿಸಿಕೊಳ್ಳುತ್ತಿತ್ತು. ಅದು ತುದಿಯ ಚಾನೆಲ್‌ಗೆ ಹೋಗಿ ಕುಳಿತ ದಿನ ಕುಕ್ಕರ್ ಕುರುಡಾಗುತ್ತಿತ್ತು. ಇಲ್ಲೇ ಕೊಂಡ ಫೋನುಗಳಿಗೂ ಟಿವಿಗೂ 13 ಕಾಣುತ್ತಿದ್ದ ಕಾರಣ ರೂಟರಿನ ಮೇಲೆ ಯಾರಿಗೂ ಸಂಶಯ ಬಂದಿರಲಿಲ್ಲ. ಅಕ್ಕಪಕ್ಕದ ಚಾನೆಲ್‌ಗಳ ನಡುವೆ ಕೇವಲ 5 ಮೆಗಾಹರ್ಟ್ಸ್ ಅಂತರವಿದ್ದು, ವೈ-ಫೈ ಸಂಕೇತ ಸುಮಾರು 20 ಮೆಗಾಹರ್ಟ್ಸ್ ಅಗಲಕ್ಕೆ ಹರಡುವುದರಿಂದ, ಒಂದರ ಮೇಲೊಂದು ಬೀಳದಂತೆ ಬಳಸಲು ಸಿಗುವುದು ಮುಖ್ಯವಾಗಿ 1, 6 ಮತ್ತು 11 ಮಾತ್ರ. ಆ ಬೀದಿಯಲ್ಲಿ 6 ತುಸು ಖಾಲಿಯಿದ್ದುದರಿಂದ ಅದನ್ನೇ ಗೊತ್ತುಮಾಡಿ, ಮನೆಯ ಮೇನ್ ಸ್ವಿಚ್ಚನ್ನು ಮತ್ತೆ ಮತ್ತೆ ಆರಿಸಿ ಹಾಕಿ ನೋಡಿದೆವು. ಪ್ರತಿ ಸಲವೂ ಕುಕ್ಕರ್ ಬಂದು ಸೇರಿತು. ರೂಟರ್ ಬದಲಾಯಿಸಬೇಕೆಂದು ಅಳಿಯಂದಿರು ಹೇಳಿದ್ದರಂತೆ. ಅದರ ಅಗತ್ಯ ಬೀಳಲಿಲ್ಲ.

ಇಲ್ಲೇ ಕೊಂಡ ಉಪಕರಣಗಳಲ್ಲಿ ಹೆಚ್ಚಾಗಿ ಎದುರಾಗುವುದು ಬ್ಯಾಂಡ್‌ನ ತೊಡಕು. ಅಗ್ಗವೂ ಸರಳವೂ ಆದ ರೇಡಿಯೊ ಚಿಪ್ ಸಾಕೆಂಬ ಕಾರಣಕ್ಕೆ ಇವುಗಳಲ್ಲಿ ಹಲವು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತವೆ, ಆದರೆ ಈಗಿನ ರೂಟರುಗಳು 2.4 ಮತ್ತು 5 ಎರಡಕ್ಕೂ ಒಂದೇ ಹೆಸರಿಡುತ್ತವೆ. ಮೊದಲ ಜೋಡಣೆಯ ಸಮಯದಲ್ಲಿ ಇದು ಕೆಲವು ಆ್ಯಪ್‌ಗಳನ್ನು ಗೊಂದಲಕ್ಕೆ ಈಡುಮಾಡುತ್ತದೆ. 5 ಗಿಗಾಹರ್ಟ್ಸನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಜೋಡಿಸಿದರೆ ಕೆಲಸವಾಗುತ್ತದೆ. ಒಮ್ಮೆ ಜೋಡಿಸಿದ ಮೇಲೆ ಫೋನ್ ಯಾವ ಬ್ಯಾಂಡ್‌ನಲ್ಲಿದ್ದರೂ ಅಡ್ಡಿಯಿಲ್ಲ. ಹೊಸ ರೂಟರಿನಲ್ಲಿ ಭದ್ರತೆ ಡಬ್ಲ್ಯೂಪಿಎ3 ಮಾತ್ರ ಎಂದಿದ್ದರೆ ಹಳೆಯ ಉಪಕರಣಗಳು ಸೇರುವುದಿಲ್ಲ. ಡಬ್ಲ್ಯೂಪಿಎ2 ಕೂಡ ಒಪ್ಪುವ ಮಿಶ್ರ ಆಯ್ಕೆ ಬೇಕು.

ಅಡುಗೆಮನೆ ರೇಡಿಯೊ ತರಂಗಗಳಿಗೆ ಒಳ್ಳೆಯ ಜಾಗವಲ್ಲ. ಮೈಕ್ರೊವೇವ್ ಓವನ್ ಸುಮಾರು 2.45 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಅದರಿಂದ ಸೋರುವ ಶಕ್ತಿ ಸುರಕ್ಷತೆಯ ಮಿತಿಯೊಳಗಿದ್ದರೂ ಪಕ್ಕದ ವೈ-ಫೈ ಉಪಕರಣಕ್ಕೆ ಅದು ದೊಡ್ಡ ಗದ್ದಲವೇ. ಹಾಲು ಬಿಸಿಮಾಡುವಾಗಲೆಲ್ಲ ಏರ್ ಫ್ರೈಯರ್ ಆಫ್‌ಲೈನ್ ಆಗುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನು ನಗೆಯಾಡಿ ತಳ್ಳಿಹಾಕಬಾರದು. ಇದರ ಜೊತೆಗೆ ಫ್ರಿಜ್ಜಿನ ಲೋಹದ ಮೈ, ಸ್ಟೀಲ್ ಪಾತ್ರೆಗಳ ಸ್ಟ್ಯಾಂಡು, ಕಾಂಕ್ರೀಟ್ ಗೋಡೆಗಳು ಇದ್ದೇ ಇವೆ. ಸಿಗ್ನಲ್ಲನ್ನು ಹಾಲ್‌ನಲ್ಲಿ ನಿಂತು ಅಳೆದರೆ ಪ್ರಯೋಜನವಿಲ್ಲ. ಉಪಕರಣ ಕುಳಿತಿರುವ ಮೂಲೆಯಲ್ಲೇ ಫೋನ್ ಹಿಡಿದು ನೋಡಬೇಕು. ಅಲ್ಲಿ ಮೈನಸ್ 67 ಡಿಬಿಎಮ್ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಆಸುಪಾಸು ಇದ್ದರೆ ನೆಮ್ಮದಿ, ಮೈನಸ್ 80ಕ್ಕೆ ಇಳಿದಿದ್ದರೆ ಯಾವ ಸೆಟ್ಟಿಂಗ್ ಬದಲಾಯಿಸಿದರೂ ದೂರು ಮರಳಿ ಬರುತ್ತದೆ.

ಈ ಊರಿನಲ್ಲಿ ಪದೇ ಪದೇ ಕಾಣುವ ಮತ್ತೊಂದು ಬಗೆಯಿದೆ. ಗಂಡನ ಫೋನಿನಲ್ಲಿ ಆ್ಯಪ್ ಕೆಲಸ ಮಾಡುತ್ತದೆ, ಹೆಂಡತಿಯ ಫೋನಿನಲ್ಲಿ ಮಾಡುವುದಿಲ್ಲ. ನೋಡಿದರೆ ಅವರ ಫೋನಿನಲ್ಲಿ ಕಚೇರಿಯ ವಿಪಿಎನ್ (ಫೋನಿನ ಸಂಪರ್ಕವನ್ನು ಕಚೇರಿಯ ಜಾಲದ ಮೂಲಕ ಸಾಗಿಸುವ ವ್ಯವಸ್ಥೆ) ಸದಾ ಚಾಲೂ ಇರುತ್ತದೆ, ಉಪಕರಣವನ್ನು ಮನೆಯ ಜಾಲದೊಳಗೇ ಹುಡುಕುವ ಆ್ಯಪ್ ಆದರೆ ಅದಕ್ಕೆ ಉಪಕರಣ ಕಾಣುವುದಿಲ್ಲ. ಐಫೋನ್‌ಗಳಲ್ಲಿ, 2020ರಲ್ಲಿ ಬಂದ ಐಒಎಸ್ 14ರಿಂದೀಚೆಗೆ, ಸ್ಥಳೀಯ ಜಾಲವನ್ನು ಹುಡುಕಲು ಆ್ಯಪ್‌ಗೆ ಪ್ರತ್ಯೇಕ ಅನುಮತಿಯೂ ಬೇಕು. ವೈಟ್‌ಫೀಲ್ಡ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಜಾಹೀರಾತು ತಡೆಯುವ ಡಿಎನ್ಎಸ್ (ಸರ್ವರಿನ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ) ವ್ಯವಸ್ಥೆಯನ್ನು ಮನೆಗೆಲ್ಲ ಅಳವಡಿಸಿದ್ದರು. ಓವನ್ ತಯಾರಕರ ಸರ್ವರಿನ ಹೆಸರು ಅದರ ತಡೆಪಟ್ಟಿಯಲ್ಲಿ ಸೇರಿಕೊಂಡಿತ್ತು. ಓವನ್ ರೂಟರಿನ ಪಟ್ಟಿಯಲ್ಲಿ ಕಾಣುತ್ತಿದ್ದುದರಿಂದ ನಾನು ಆಚೆಯ ದಾರಿಯನ್ನು ಮಾತ್ರ ನೋಡಿದೆ, ಆ ಡಿಎನ್ಎಸ್ ವ್ಯವಸ್ಥೆಯ ಲಾಗ್‌ನಲ್ಲಿ ಉತ್ತರ ಸಿಕ್ಕಿತು.

ಮಲ್ಲೇಶ್ವರದ ಒಂದು ಮನೆಯಲ್ಲಿ ವೈ-ಫೈಗೆ 'ನಮ್ಮನೆ ವೈಫೈ' ಎಂದು ಕನ್ನಡದಲ್ಲೇ ಹೆಸರಿಟ್ಟಿದ್ದರು. ನೋಡಿ ಬಹಳ ಖುಷಿಯಾಯಿತು. ನೆಟ್‌ವರ್ಕಿನ ಹೆಸರಿಗೆ 32 ಬೈಟ್‌ಗಳ ಮಿತಿಯಿದೆ, ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಚಿಹ್ನೆಗೂ 3 ಬೈಟ್ ಬೇಕಾಗುತ್ತದೆ. ಆ ಲೆಕ್ಕದಲ್ಲಿ ಈ ಹೆಸರಿಗೆ, ಒತ್ತು ಮತ್ತು ಸ್ವರಚಿಹ್ನೆ ಸೇರಿ ಹತ್ತು ಚಿಹ್ನೆಗಳಿಗೆ 30, ನಡುವಿನ ಖಾಲಿ ಜಾಗಕ್ಕೆ 1, ಒಟ್ಟು 31 ಬೈಟ್ ಆಗಿ ಮಿತಿಯೊಳಗೇ ಇತ್ತು. ಆದರೂ ಅವರ ಓವನ್ನಿನ ಆ್ಯಪ್ ಅದನ್ನು ಒಪ್ಪಲಿಲ್ಲ. ಕನ್ನಡದ ಹೆಸರನ್ನು ಹಾಗೆಯೇ ಉಳಿಸಿ, 2.4ಕ್ಕೆ ಮಾತ್ರ ಇಂಗ್ಲಿಷ್ ಅಕ್ಷರಗಳ ಇನ್ನೊಂದು ಹೆಸರನ್ನು ಮಾಡಿಕೊಟ್ಟೆ.

ಎಲ್ಲ ಸರಿಯಿದ್ದೂ 'ಕನೆಕ್ಟ್ ಆಗಿದೆ, ಆದರೆ ಆಫೀಸಿನಿಂದ ಸ್ಟಾರ್ಟ್ ಆಗುವುದಿಲ್ಲ' ಎಂಬ ದೂರುಗಳು ಬರುತ್ತವೆ. ಅನೇಕ ಓವನ್‌ಗಳಲ್ಲಿ ದೂರದಿಂದ ಚಾಲೂ ಮಾಡಬೇಕಾದರೆ ಮೊದಲು ಓವನ್ನಿನ ಮೇಲೆಯೇ 'ರಿಮೋಟ್ ಸ್ಟಾರ್ಟ್' ಗುಂಡಿಯನ್ನು ಒತ್ತಿರಬೇಕು, ಅನಂತರ ಬಾಗಿಲು ತೆರೆದರೆ ಆ ಅನುಮತಿ ರದ್ದಾಗುತ್ತದೆ. ಒಳಗೆ ಯಾರೋ ಪ್ಲಾಸ್ಟಿಕ್ ಡಬ್ಬ ಇಟ್ಟಿರಬಹುದು ಎಂಬ ಮುಂದಾಲೋಚನೆಯಿಂದ ಮಾಡಿದ ವ್ಯವಸ್ಥೆ ಅದು. ಅದನ್ನು ತಪ್ಪಿಸುವ ದಾರಿ ಇದೆಯೇ ಎಂದು ಕೇಳುವವರಿಗೆ, ನಾವು ಅದನ್ನು ಮಾಡಿಕೊಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿ, ಕಾರ್ಡಿನಲ್ಲಿ 'ದೋಷವಿಲ್ಲ, ಬಳಕೆಯ ಕ್ರಮ ತೋರಿಸಲಾಗಿದೆ' ಎಂದು ಬರೆದು ಸಹಿ ಪಡೆಯುತ್ತೇನೆ. ಉಳಿದ ಕಾರ್ಡುಗಳಲ್ಲಿ ಚಾನೆಲ್, ಉಪಕರಣದ ಜಾಗದಲ್ಲಿ ಅಳೆದ ಸಿಗ್ನಲ್, ಭದ್ರತೆಯ ಬಗೆ, ಮತ್ತು ನಾವು ಬರುವ ಮೊದಲು ರಿಸೆಟ್ ಆಗಿತ್ತೇ ಇಲ್ಲವೇ ಎಂಬುದು ಇರುತ್ತದೆ. ಅದೇ ಮನೆಗೆ ಮುಂದಿನ ಸಲ ಬೇರೆ ತಂತ್ರಜ್ಞರು ಹೋದರೂ ಅವರು ಅಲ್ಲಿಂದಲೇ ಕೆಲಸ ಮುಂದುವರಿಸುತ್ತಾರೆ.