ತಂಬೂರಿ ಮಾಡಿಸಲು ಮಿರಜಕ್ಕೆ

ಬೆಳಗಾವಿ ಬಿಟ್ಟ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಘಟಪ್ರಭಾ, ರಾಯಬಾಗ, ಕುಡಚಿ ಮುಗಿಸಿ ಕೃಷ್ಣೆಯ ಸೇತುವೆ ದಾಟಿತೆಂದರೆ ಮಿರಜ ಹತ್ತಿರ ಬಂತೆಂದೇ ಲೆಕ್ಕ. ಉಗಾರ, ಶೇಡಬಾಳದ ಕಬ್ಬಿನ ಹೊಲಗಳು ಸರಿದು ಹೋಗುವಷ್ಟರಲ್ಲಿ ಮಹಾರಾಷ್ಟ್ರ ಶುರುವಾಗಿರುತ್ತದೆ. ರಸ್ತೆಯಲ್ಲಿ ಬರುವವರಿಗೆ ಕಾಗವಾಡವೇ ನಮ್ಮ ಕಡೆಯ ಕೊನೆಯ ಊರು. ಜಂಕ್ಷನ್‌ನಲ್ಲಿ ಇಳಿದು ಆಟೋದವರಿಗೆ ಸತಾರ್‌ಮೇಕರ್ ಗಲ್ಲಿ ಎಂದರೆ ಸಾಕು, ತಂಬೂರಿ ಮಾಡುವವರ ಅಂಗಡಿಗಳು ಅಲ್ಲೇ. ಮಾತಿಗೆ ಮರಾಠಿ, ಹಿಂದಿ ಇದ್ದೇ ಇದೆ. ಗಡಿಯ ಊರು, ಕನ್ನಡವೂ ಒಂದಿಷ್ಟು ನಡೆಯುತ್ತದೆ.

ಆದರೆ ರೈಲು ಹತ್ತುವ ಮುಂಚೆಯೇ ಒಂದು ತೀರ್ಮಾನ ಆಗಿರಬೇಕು: ನಿಮ್ಮ ಶ್ರುತಿ ಯಾವುದು? ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ಇದೇ. ಹಾಡುವ ಗಂಡಸರಿಗೆ ಸಾಮಾನ್ಯವಾಗಿ ಕಾಳಿ ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಆಸುಪಾಸು, ಹೆಂಗಸರಿಗೆ ಕಾಳಿ ನಾಲ್ಕರ ಆಸುಪಾಸು. ಕರ್ನಾಟಕ ಸಂಗೀತದವರ ಲೆಕ್ಕದಲ್ಲಿ ಇವು ಒಂದೂವರೆ ಮನೆ, ಐದೂವರೆ ಮನೆ. ಕೆಳಗಿನ ಸೋರೆ ಬುರುಡೆಯ ಗಾತ್ರ, ದಂಡಿಯ ಉದ್ದ, ತಂತಿಯ ದಪ್ಪ, ತಂತಿಗಳನ್ನು ಹೊರುವ ಕುದುರೆಯ ಮೈ ಎಲ್ಲವೂ ಈ ಒಂದು ಉತ್ತರದ ಮೇಲೆ ನಿಂತಿವೆ. ಗಂಡು ತಂಬೂರಿ ಸುಮಾರು ಐದು ಅಡಿ ಎತ್ತರ; ಹೆಣ್ಣು ತಂಬೂರಿ ಅದಕ್ಕಿಂತ ಗಿಡ್ಡ, ಬುರುಡೆಯೂ ಚಿಕ್ಕದು. ಗಂಡು ತಂಬೂರಿಯನ್ನು ಕಾಳಿ ನಾಲ್ಕಕ್ಕೆ ಏರಿಸಲು ಹೋದರೆ ತಂತಿ ಹರಿಯುತ್ತದೆ. ಹೆಣ್ಣು ತಂಬೂರಿಯನ್ನು ಕಾಳಿ ಒಂದಕ್ಕೆ ಇಳಿಸಿದರೆ ತಂತಿ ಸಡಿಲಾಗಿ ಬರೀ ಗೊರಗೊರ. ಮನೆಯಲ್ಲಿ ಇಬ್ಬರೂ ಹಾಡುತ್ತೀರೆಂದು ನಡುವಿನ ಅಳತೆಯದೊಂದನ್ನು ಮಾಡಿಸಿದರೆ ಅದು ಇಬ್ಬರಿಗೂ ಒದಗದು.

ಈ ಗಲ್ಲಿಯ ಕಸುಬು ಹತ್ತೊಂಬತ್ತನೇ ಶತಮಾನದ್ದು. ಕತ್ತಿ, ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ವಾದ್ಯದ ಕೆಲಸಕ್ಕೆ ಹೊರಳಿದರು; ಫರೀದ್‌ಸಾಹೇಬರ ಹೆಸರನ್ನು ಮೊದಲಿಗೆ ಹೇಳುತ್ತಾರೆ. ಮಿರಜದ ಸಿತಾರ್ ಮತ್ತು ತಾನಪುರಾಗಳಿಗೆ (ತಂಬೂರಿಗೆ ಅಲ್ಲಿನ ಹೆಸರು) 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಖ್ವಾಜಾ ಮೀರಾಸಾಹೇಬರ ದರ್ಗಾವನ್ನೂ ನೋಡಿಕೊಂಡೇ ಬರಬೇಕು. ಕುಂದಗೋಳದ ಸವಾಯಿ ಗಂಧರ್ವರ ಗುರು, 1937ರಲ್ಲಿ ತೀರಿಕೊಂಡ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಮ್ ಖಾನರ ಸಮಾಧಿ ಅಲ್ಲಿದೆ.

ಕೆಲಸದ ಮನೆಯಲ್ಲಿ ಮೊದಲು ನೋಡಬೇಕಾದದ್ದು ಬುರುಡೆ. ಇವು ಕಹಿ ಸೋರೆ. ಪಂಢರಪುರ, ಮಂಗಳವೇಢೆ ಸೀಮೆಯ ಹೊಲಗಳಿಂದ ಒಣಗಿ ಬರುತ್ತವೆ. ಬೆರಳಿನಿಂದ ಸುತ್ತಲೂ ತಟ್ಟಿ ನೋಡಿ. ಸದ್ದು ಎಲ್ಲ ಕಡೆ ಒಂದೇ ತೆರನಾಗಿದ್ದರೆ ಗೋಡೆಯ ದಪ್ಪ ಸಮ. ಒಂದು ಕಡೆ ಪೊಳ್ಳಾಗಿ ಕೇಳಿದರೆ ಅಲ್ಲಿ ತೆಳುವಾಗಿದೆ, ಸಣ್ಣ ಪೆಟ್ಟಿಗೂ ಬಿರುಕು ಬಿಡುತ್ತದೆ. ಹುಳುವಿನ ತೂತುಗಳನ್ನು ಬಣ್ಣ ಬಳಿಯುವ ಮುಂಚೆಯೇ ಹುಡುಕಬೇಕು, ಆಮೇಲೆ ಕಾಣುವುದಿಲ್ಲ. ಬುರುಡೆಯನ್ನು ನೀರಲ್ಲಿ ನೆನೆಸಿ, ಬಾಯಿ ಕೊಯ್ದು, ಒಳಗೆ ಕಡ್ಡಿಗಳನ್ನು ಅಡ್ಡಕೊಟ್ಟು ಅಗಲಿಸಿ ಒಣಗಿಸುತ್ತಾರೆ. ಇಲ್ಲಿ ಅವಸರ ಮಾಡಿದರೆ ದಂಡಿ ಕೂಡುವ ಕತ್ತಿನ ಬೆಸುಗೆ ಮುಂದೊಂದು ದಿನ ಬಾಯಿ ಬಿಡುವುದು ಖಂಡಿತ. ಆದ್ದರಿಂದ ‘ಮುಂದಿನ ವಾರವೇ ಬೇಕು’ ಎಂದು ಪೀಡಿಸಬೇಡಿ. ಮಳೆಗಾಲದಲ್ಲಿ ಮಾಡಿಸುವುದಂತೂ ಬೇಡ.

ದಂಡಿಗೂ ತಬಲಿಗೂ ತೂನ್ ಮರ. ಬುರುಡೆಯ ಬಾಯಿ ಮುಚ್ಚುವ ಹಲಗೆಯೇ ತಬಲಿ. ಅದರ ಎಳೆ ನೇರವಾಗಿರಬೇಕು, ಗಂಟು ಇರಬಾರದು. ತೆಳುವಾದಷ್ಟೂ ಸದ್ದು ದೊಡ್ಡದು, ಆದರೆ ಕೆಲವೇ ವರ್ಷದಲ್ಲಿ ಕುದುರೆಯ ಕೆಳಗೆ ಕುಸಿಯುತ್ತದೆ. ದಪ್ಪವಾದರೆ ನಾದ ಒಳಗೇ ಉಳಿಯುತ್ತದೆ. ಅಳತೆಯನ್ನು ಕಸುಬುದಾರನಿಗೆ ಬಿಡುವುದೇ ಒಳ್ಳೆಯದು.

ಇನ್ನು ಆಯ್ಕೆಗಳು. ತಂತಿ ನಾಲ್ಕು ಸಾಕು. ಪಂಚಮ, ನಿಷಾದ ಎರಡನ್ನೂ ಒಟ್ಟಿಗೆ ಇಡಬೇಕೆಂದರೆ ಐದು ಅಥವಾ ಆರು ಹೇಳಬಹುದು. ಶ್ರುತಿ ಕೂಡಿಸುವ ಕಷ್ಟವೂ ಅಷ್ಟೇ ಏರುತ್ತದೆ. ಗಂಡು ತಂಬೂರಿಯಲ್ಲಿ ನಡುವಿನ ಜೋಡಿ ಷಡ್ಜದ ತಂತಿಗಳಿಗೆ ಸುಮಾರು 0.30 ಮಿ.ಮೀ.ನ ಉಕ್ಕು, ಖರ್ಜಕ್ಕೆ, ಅಂದರೆ ಮಂದ್ರ ಷಡ್ಜದ ಕೊನೆಯ ತಂತಿಗೆ, ಅರ್ಧ ಮಿ.ಮೀ. ಮೀರಿದ ಹಿತ್ತಾಳೆ, ಹೆಣ್ಣು ತಂಬೂರಿಗೆ ಇದಕ್ಕಿಂತ ತೆಳು. ಪಂಚಮದ ಮೊದಲ ತಂತಿಯನ್ನು ಮಧ್ಯಮಕ್ಕೆ, ನಿಷಾದಕ್ಕೆ ಬದಲಿಸುವ ಅಭ್ಯಾಸವಿದ್ದರೆ ಆಗಲೇ ಹೇಳಿ, ಅದಕ್ಕೆ ತಕ್ಕ ತಂತಿ ಹಾಕುತ್ತಾರೆ. ತಂತಿ ಬಿಗಿಯುವ ಕುಂಟಿಗಳು ಗಟ್ಟಿ ಮರದ್ದಿರಲಿ, ತೂತಿನ ಎರಡೂ ತುದಿಗಳಲ್ಲಿ ಕಚ್ಚಿ ಕೂರಲಿ. ಒಂದೇ ಕಡೆ ಕಚ್ಚುವ ಕುಂಟಿ ಜಾರುತ್ತಲೇ ಇರುತ್ತದೆ, ಎಷ್ಟು ಸೀಮೆಸುಣ್ಣ ಹಚ್ಚಿದರೂ. ಗಿಟಾರಿನ ಥರದ ತಿರುಪು ಕೀಲಿಗಳನ್ನೂ ಹಾಕಿಕೊಡುವವರಿದ್ದಾರೆ. ಕಛೇರಿಗೆಂದು ಊರೂರು ಸುತ್ತುವವರಿಗೆ ಅದು ಅನುಕೂಲ, ನೋಟಕ್ಕೆ ಮಾತ್ರ ಚೆಂದವಿಲ್ಲ.

ಕುದುರೆಗೆ ಒಂಟೆಯ ಮೂಳೆ, ಕರಿಮರ, ಕೃತಕ ಪದಾರ್ಥ ಇವೆ. ಮೂಳೆ ಗಟ್ಟಿ, ಜವಾರಿ (ಝೇಂಕಾರ ಬರುವಂತೆ ಕುದುರೆಯ ಮೈ ಉಜ್ಜಿ ತಂದ ಹದ) ಹೆಚ್ಚು ಕಾಲ ಬಾಳುತ್ತದೆ. ಮರದ ನಾದ ಮೆತ್ತಗೆ, ಸವೆತ ಬೇಗ. ಜಿಂಕೆ ಕೊಂಬಿನದು ಎಂದು ಯಾರಾದರೂ ಆಸೆ ಹುಟ್ಟಿಸಿದರೆ ಮುಂದೆ ನಡೆಯಿರಿ. 1972ರ ವನ್ಯಜೀವಿ ಕಾಯ್ದೆಯಡಿ ಅದರ ಮಾರಾಟ ಅಪರಾಧ. ಕೆತ್ತನೆ, ಬಿಳಿ ಪಟ್ಟಿಗಳ ಹೂಬಳ್ಳಿ ಬೆಲೆಯನ್ನು ಏರಿಸುತ್ತವೆಯೇ ಹೊರತು ನಾದಕ್ಕೆ ಏನನ್ನೂ ಕೂಡಿಸವು. ಆ ದುಡ್ಡನ್ನು ಒಳ್ಳೆಯ ಬುರುಡೆಗೂ ಗಟ್ಟಿ ಪೆಟ್ಟಿಗೆಗೂ ಹಾಕುವುದು ಜಾಣತನ.

ಶ್ರುತಿ, ತಂತಿ, ಕುದುರೆ, ಬಣ್ಣ, ಪೆಟ್ಟಿಗೆ, ದಿನಾಂಕ ಎಲ್ಲವನ್ನೂ ಚೀಟಿಯಲ್ಲಿ ಬರೆಸಿ, ಮುಂಗಡ ಕೊಟ್ಟು ಬನ್ನಿ. ತರಲು ಮಾತ್ರ ನೀವೇ ಹೋಗಬೇಕು, ಯಾಕೆಂದರೆ ಕಡೆಯ ಕೆಲಸ ಜವಾರಿ, ಅದು ನಿಮ್ಮ ಕಿವಿಯ ಮುಂದೆಯೇ ಆಗಬೇಕು. ಕುದುರೆಯ ಮೈ ಸಪಾಟಲ್ಲ, ಬಲು ಸಣ್ಣ ಇಳಿಜಾರು. ತಂತಿ ಅದನ್ನು ಸವರುತ್ತ ಮಿಡಿಯುವುದರಿಂದಲೇ ಆ ಝೇಂಕಾರ. ಕಸುಬುದಾರ ಅರದಿಂದ ಒಂದೆರಡು ಸಲ ಉಜ್ಜುತ್ತಾನೆ, ತಂತಿ ಕೂಡಿಸುತ್ತಾನೆ, ಕೇಳುತ್ತಾನೆ, ಮತ್ತೆ ಇಳಿಸುತ್ತಾನೆ, ಗಂಟೆಗಟ್ಟಲೆ ಹಿಡಿಯಬಹುದು. ಝೇಂಕಾರ ಹೆಚ್ಚಿರುವ ತೆರೆದ ಜವಾರಿ ಬೇಕೋ ಕಡಿಮೆ ಇರುವ ಮುಚ್ಚಿದ್ದು ಬೇಕೋ ಆಗಲೇ ಹೇಳಿ. ತೆರೆದದ್ದು ಅಂಗಡಿಯಲ್ಲಿ ಮೋಡಿ ಮಾಡುತ್ತದೆ, ಮೈಕಿನ ಮುಂದೆ ಕರ್ಕಶವಾಗಬಹುದು. ತಂತಿಗೂ ಕುದುರೆಗೂ ನಡುವೆ ಇಡುವ ದಾರ ತೆಗೆಸಿ ಕೇಳಿ, ಹಾಕಿಸಿ ಕೇಳಿ. ದಾರವನ್ನು ಕೂದಲೆಳೆಯಷ್ಟು ಸರಿಸಿದಾಗ ನಾಲ್ಕೂ ತಂತಿ ಒಂದೇ ಬಗೆಯಲ್ಲಿ ಅರಳಬೇಕು. ಒಂದು ಮಾತ್ರ ಮಂಕಾಗಿದ್ದರೆ ಆ ತಂತಿಯ ಕೆಳಗಿನ ಮೈ ಇನ್ನೂ ಸರಿಯಾಗಿಲ್ಲ, ಎದ್ದು ಬರಬೇಡಿ. ಇದೆಲ್ಲ ನಿಮ್ಮ ಶ್ರುತಿಯಲ್ಲೇ ನಡೆಯಲಿ. ಬೇರೆ ಶ್ರುತಿಗೆ ಕೂರಿಸಿದ ಜವಾರಿ ಮನೆಯಲ್ಲಿ ಕೈಕೊಡುತ್ತದೆ.

ಹೊರಡುವ ಮುಂಚೆ ಕುದುರೆ ಕೂತ ಜಾಗಕ್ಕೆ ಪೆನ್ಸಿಲ್ ಗೆರೆ ಎಳೆದುಕೊಂಡು, ತಂತಿಗಳನ್ನು ಕೆಲವು ಸ್ವರ ಇಳಿಸಿ, ಶ್ರುತಿ ತಿದ್ದಲು ತಂತಿಗೆ ಪೋಣಿಸಿದ ಮಣಿಗಳ ಕೆಳಗೆ ಬಟ್ಟೆ ಕೊಡಿ. ರೈಲಿನಲ್ಲಿ ಮೇಲಿನ ಬರ್ತ್ ಕಾದಿರಿಸಿದ್ದರೆ ತಂಬೂರಿಗೇ ಬಿಟ್ಟುಬಿಡಿ. ಪಾರ್ಸಲ್ ಬೋಗಿಗೆ ಹಾಕಿದರೆ ಕತ್ತು ಮುರಿಯುವ ಭಯ. ಮೊದಲ ಮಳೆಗಾಲ ಕಳೆದ ಮೇಲೆ ತಬಲಿ ಸ್ವಲ್ಪ ಇಳಿದು, ನಾದ ಬದಲಾಗಿ, ಮತ್ತೆ ಜವಾರಿ ಬೇಕಾಗಬಹುದು. ಆಗ ಕುದುರೆಯನ್ನಷ್ಟೇ ಬಿಚ್ಚಿ ಕೊರಿಯರ್ ಮಾಡಿದರೆ ಪ್ರಯೋಜನವಿಲ್ಲ, ಜವಾರಿ ಅದೇ ತಂಬೂರಿಯ ಮೇಲೆಯೇ ಆಗಬೇಕು.