ಬೆಳಗಾವಿಯಲ್ಲಿ ಮಾಲ್ದೀವ್ಸ್ ಸೈನಿಕರು

ಮಾಲ್ದೀವ್ಸ್‌ಗೆ ಭಾರತದ ನೆರವು ಅಂದರೆ ಎಲ್ಲರೂ 1988ರ ನವೆಂಬರ್ 3 ನೆನೆಯುತ್ತಾರೆ. ಬಾಡಿಗೆ ಬಂಟರು ರಾಜಧಾನಿ ಮಾಲೆಗೆ ನುಗ್ಗಿದ ದಿನದ ರಾತ್ರಿಯೇ, ಆಗ್ರಾದಿಂದ ಹೊರಟ ನಮ್ಮ ಪ್ಯಾರಾ ಪಡೆ ಪಕ್ಕದ ವಿಮಾನ ನಿಲ್ದಾಣದ ದ್ವೀಪ ಹುಲುಲೆಯಲ್ಲಿ ಇಳಿದಿತ್ತು. ನನಗೆ ಅಷ್ಟೇ ದೊಡ್ಡದಾಗಿ ಕಾಣುವುದು 2009ರಲ್ಲಿ ನಮ್ಮ ಬೆಳಗಾವಿಯಲ್ಲೇ ಶುರುವಾದ, ಎರಡೂ ದೇಶಗಳ ಸೈನಿಕರ ‘ಏಕುವೆರಿನ್’ ಜಂಟಿ ತಾಲೀಮು. ಮಾಲ್ದೀವ್ಸ್‌ನ ಭಾಷೆ ದಿವೇಹಿಯಲ್ಲಿ ಹಾಗೆಂದರೆ ಗೆಳೆಯರು.

ಇಂಥ ಜಂಟಿ ತಾಲೀಮು ಯಾಕೆ ಬೇಕು ಅನ್ನುವುದಕ್ಕೆ, ಉಗ್ರರು ಅಡಗಿದ ಮನೆಗೆ ನುಗ್ಗುವುದನ್ನೇ ತಗೊಳ್ಳಿ. ಮೊದಲು ಸುತ್ತಲೂ ಕಾವಲು, ತಪ್ಪಿಸಿಕೊಳ್ಳುವ ದಾರಿ ಬಂದ್, ಆಮೇಲೆ ಒಳಹೋಗುವ ತಂಡ. ಬಾಗಿಲಲ್ಲಿ ನಿಂತವನು ಸುಲಭದ ಗುರಿ. ಮೊದಲನೆಯವ ಒಂದು ಮೂಲೆಗೆ, ಎರಡನೆಯವ ಇನ್ನೊಂದು ಮೂಲೆಗೆ ಥಟ್ಟನೆ ಸರಿಯಬೇಕು. ಎರಡು ಭಾಷೆಯವರು ಸೇರಿದಾಗ ಎಡವುವುದು ಇಲ್ಲೇ: ‘ಕೋಣೆ ಖಾಲಿ’ ಎಂಬ ಕೂಗು ತಿಳಿಯದಿದ್ದರೆ ಹಿಂದಿನವನ ಗುಂಡು ಮುಂದಿನವನಿಗೇ. ಅದಕ್ಕೇ ಬಂದೂಕು ಎತ್ತುವ ಮೊದಲು ಕೈಸನ್ನೆ ಹೊಂದಿಸಿಕೊಳ್ಳಬೇಕು.