ಒಂದೇ ಆಲ್ಬಮ್ ಮಾಡಿದವಳಿಗೆ ಮೊದಲ ಸ್ಥಾನ

"ಒಂದೇ ಒಂದು ಆಲ್ಬಮ್ ಮಾಡಿದವಳಿಗೆ ಮೊದಲನೇ ಸ್ಥಾನನಾ? ಆಮೇಲೆ ಏನು ಮಾಡಿದ್ಳು ಅವಳು?"

ಭಾವ ಹೀಗೆ ಕೇಳಿದ್ದು ಭಾನುವಾರ. ಇವತ್ತಿಗೂ ಆ ಮಾತು ತಲೆಯಿಂದ ಇಳಿದಿಲ್ಲ. ಆ್ಯಪಲ್ ಮ್ಯೂಸಿಕ್‌ನವರು 2024ರ ಮೇ ತಿಂಗಳಲ್ಲಿ ದಿನಕ್ಕೆ ಹತ್ತರಂತೆ ಬಿಡುಗಡೆ ಮಾಡಿದ್ದರಲ್ಲ, 100 ಶ್ರೇಷ್ಠ ಆಲ್ಬಮ್‌ಗಳ ಪಟ್ಟಿ, ಅದನ್ನು ಅಕ್ಕನ ಮಗ ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ. ಮೊದಲನೆಯದು ಅಮೆರಿಕದ ಹಾಡುಗಾರ್ತಿ ಲಾರಿನ್ ಹಿಲ್ ಅವರ 'ದಿ ಮಿಸ್‌ಎಜುಕೇಶನ್ ಆಫ್ ಲಾರಿನ್ ಹಿಲ್'. ಎರಡನೆಯದು ಮೈಕೆಲ್ ಜಾಕ್ಸನ್ ಅವರ 'ಥ್ರಿಲ್ಲರ್'. ಮೂರನೆಯದು ಬೀಟಲ್ಸ್‌ನ 'ಆ್ಯಬಿ ರೋಡ್'. ಭಾವನಿಗೆ ಪ್ರಾಣವಾದ ರಾಕ್ ತಂಡ ಪಿಂಕ್ ಫ್ಲಾಯ್ಡ್ ಮೊದಲ 20ರಲ್ಲೂ ಇಲ್ಲ. ಸಿಟ್ಟು ಬರದೇ ಇರುತ್ತಾ?

ಭಾವನ ಬಗ್ಗೆ ಒಂದು ಮಾತು ಹೇಳಲೇಬೇಕು. ನನಗೆ ಇಂಗ್ಲಿಷ್ ಸಂಗೀತ ಕೇಳೋದು ಕಲಿಸಿದ್ದೇ ಅವರು. ಅವರ ಕ್ಯಾಸೆಟ್ಟುಗಳಿಂದಲೇ ನಾನು ಬೀಟಲ್ಸ್, ಡಿಲನ್ ಎಲ್ಲ ಕೇಳಿದ್ದು. 2002ರಲ್ಲಿ, ಪಿಂಕ್ ಫ್ಲಾಯ್ಡ್‌ನಲ್ಲಿದ್ದ ರೋಜರ್ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಹೋಗಿ ನಿಂತು ಕೇಳಿ ಬಂದವರು, ಆ ರಾತ್ರಿಯ ಬಗ್ಗೆ ಈಗಲೂ ಕಣ್ಣರಳಿಸಿಕೊಂಡು ಮಾತಾಡುತ್ತಾರೆ. ಸಂಗೀತದಲ್ಲಿ ಅವರದು ನಿಜವಾದ ಪ್ರೀತಿ. ಅದಕ್ಕೇ ಅವರ ಆ ಪ್ರಶ್ನೆ ನನಗೆ ಜಾಸ್ತಿ ನೋವು ಮಾಡಿತು. ಸುಮ್ನೆ ಯಾರೋ ಹೇಳಿದ್ದರೆ ಬಿಟ್ಟುಬಿಡುತ್ತಿದ್ದೆ.

ಇದು ಆಲ್ಬಮ್‌ಗಳ ಪಟ್ಟಿ ಅಲ್ವಾ ಭಾವ, ಹಾಡುಗಾರರ ಪಟ್ಟಿ ಅಲ್ಲ ಅಂದೆ. ಅವರು ತಲೆ ಅಲ್ಲಾಡಿಸಿದರು. "ಅದೇ ಹೇಳ್ತಿರೋದು ಕಣಮ್ಮ, ಒಂದು ಮಾಡಿ ನಿಲ್ಲಿಸೋದು ದೊಡ್ಡದಲ್ಲ. ಆಮೇಲೆ ಏನು ಮಾಡಿದ್ಳು ಹೇಳು."

ಆಮೇಲೆ ಏನು ಮಾಡಿದರು ಅನ್ನೋದಕ್ಕಿಂತ ಮುಂಚೆ ಏನು ಮಾಡಿದ್ದರು ಅಂತ ನೋಡೋಣ. 1998ರ ಆಗಸ್ಟ್‌ನಲ್ಲಿ ಈ ಆಲ್ಬಮ್ ಬಂದಾಗ ಅವರಿಗೆ 23 ವರ್ಷ. ಅದಕ್ಕೂ ಮೊದಲೇ ಫ್ಯೂಜೀಸ್ ಅನ್ನೋ ಹಿಪ್‌ಹಾಪ್ ತಂಡದಲ್ಲಿ 'ದಿ ಸ್ಕೋರ್' ಆಲ್ಬಮ್ ಮಾಡಿ ಜಗತ್ತಿಗೆಲ್ಲ ಹೆಸರಾಗಿದ್ದರು. ಇನ್ನೊಬ್ಬರಾದರೆ ಅದನ್ನೇ ಮತ್ತೆ ಮಾಡುತ್ತಿದ್ದರೇನೋ. ಇವರು ತಂಡದಿಂದ ಹೊರಗೆ ಬಂದು, ನ್ಯೂಜೆರ್ಸಿಯಲ್ಲಿ ಒಂದಿಷ್ಟು, ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಬಾಬ್ ಮಾರ್ಲಿ ಅವರ ಟಫ್ ಗಾಂಗ್ ಸ್ಟುಡಿಯೋದಲ್ಲಿ ಒಂದಿಷ್ಟು ರೆಕಾರ್ಡ್ ಮಾಡಿ, ರ‍್ಯಾಪ್, ಸೋಲ್, ರೆಗೆ ಎಲ್ಲವನ್ನೂ ತಮ್ಮದೇ ದನಿಯಲ್ಲಿ ಹಾಡಿದರು. ರ‍್ಯಾಪ್ ಮಾಡುವವಳೂ ಅವಳೇ, ಅದೇ ಉಸಿರಲ್ಲಿ ಹಾಡುವವಳೂ ಅವಳೇ. ಅಷ್ಟು ಸಲೀಸಾಗಿ ಎರಡನ್ನೂ ಮಾಡಿದವರನ್ನು ಅದಕ್ಕೆ ಮುಂಚೆ ನಾನಂತೂ ಕೇಳಿರಲಿಲ್ಲ. ಮರುವರ್ಷ ಐದು ಗ್ರ್ಯಾಮಿ ಬಂತು. ವರ್ಷದ ಆಲ್ಬಮ್ ಪ್ರಶಸ್ತಿ ಪಡೆದ ಮೊದಲ ಹಿಪ್‌ಹಾಪ್ ಆಲ್ಬಮ್ ಅದು.

ಆಲ್ಬಮ್ ಶುರುವಾಗುವುದೇ ಒಂದು ತರಗತಿಯಲ್ಲಿ. ಮೇಷ್ಟ್ರು ಹಾಜರಿ ಕೂಗುತ್ತಾರೆ. ಲಾರಿನ್ ಹಿಲ್ ಅಂದಾಗ ಉತ್ತರ ಬರುವುದಿಲ್ಲ. ಆಮೇಲೆ ಹಾಡುಗಳ ನಡುನಡುವೆ ಅದೇ ತರಗತಿಯ ಮಕ್ಕಳು ಪ್ರೀತಿ ಅಂದರೇನು ಅಂತ ಮಾತಾಡುತ್ತಾರೆ, ನಗುತ್ತಾರೆ, ವಾದ ಮಾಡುತ್ತಾರೆ. ಆ ಮೇಷ್ಟ್ರ ದನಿ ರಾಸ್ ಬರಾಕಾ ಅವರದು. ಅವರು 2014ರಲ್ಲಿ ನೆವಾರ್ಕ್ ನಗರದ ಮೇಯರ್ ಆದರು. ಇಂಥ ಜಾಗಗಳಲ್ಲಿ ನನಗೆ ಇದು ಹಾಡುಗಳ ಕಟ್ಟು ಅನ್ನಿಸುವುದಿಲ್ಲ. ಒಂದು ಊರು, ಅದರ ಮಕ್ಕಳು, ಅವರ ನಡುವೆ ಬೆಳೆದ ಒಬ್ಬ ಹುಡುಗಿ ಒಟ್ಟಿಗೆ ಮಾತಾಡಿದ ಹಾಗಿದೆ.

ಭಾವನ ಹತ್ತಿರ ಇನ್ನೊಂದು ಬಾಣ ಇತ್ತು. ಜೊತೆಗೆ ಕೆಲಸ ಮಾಡಿದ ಸಂಗೀತಗಾರರೇ ಹೆಸರು ಕೊಡಲಿಲ್ಲ ಅಂತ ಕೋರ್ಟಿಗೆ ಹೋಗಿದ್ದರಲ್ಲ ಅಂದರು. ನಿಜ. ನಾಲ್ವರು ಕೇಸು ಹಾಕಿದ್ದರು, 2001ರಲ್ಲಿ ಕೋರ್ಟಿನ ಹೊರಗೆ ರಾಜಿ ಆಯಿತು. ದುಡಿದವರ ಹೆಸರು ಕವರಿನ ಮೇಲೆ ಇರಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಎರಡನೇ ಸ್ಥಾನದ 'ಥ್ರಿಲ್ಲರ್' ತಗೊಳ್ಳಿ. ಆ ಹೆಸರಿನ ಹಾಡು ಬರೆದದ್ದು ರಾಡ್ ಟೆಂಪರ್ಟನ್, ನಿರ್ಮಾಣ ಕ್ವಿನ್ಸಿ ಜೋನ್ಸ್. ಹಾಗಂತ ಮೈಕೆಲ್ ಜಾಕ್ಸನ್ ಸಣ್ಣವರಾದರಾ? ಇಷ್ಟಕ್ಕೂ ಯಾವ ದೊಡ್ಡ ಆಲ್ಬಮ್ ಒಬ್ಬರಿಂದಲೇ ಆಗಿದೆ?

ಪಟ್ಟಿಗಳೂ ಅಷ್ಟೆ, ಯಾರನ್ನು ಕೇಳುತ್ತೀರಿ ಅನ್ನೋದರ ಮೇಲೆ ಹೋಗುತ್ತವೆ. ರೋಲಿಂಗ್ ಸ್ಟೋನ್ ಪತ್ರಿಕೆ 2003ರಲ್ಲಿ 500 ಆಲ್ಬಮ್‌ಗಳ ಪಟ್ಟಿ ಮಾಡಿದಾಗ ಇದೇ ಲಾರಿನ್ ಹಿಲ್ ಆಲ್ಬಮ್ 312ನೇ ಸ್ಥಾನದಲ್ಲಿತ್ತು. ಆಗ ಮೊದಲನೆಯದು ಬೀಟಲ್ಸ್‌ನ 'ಸಾರ್ಜೆಂಟ್ ಪೆಪ್ಪರ್ಸ್'. 2020ರಲ್ಲಿ ಹೊಸ ಜನರನ್ನು ಸೇರಿಸಿ ಮತ್ತೆ ಮತ ಹಾಕಿಸಿದರು. ಲಾರಿನ್ ಹಿಲ್ 10ಕ್ಕೆ ಬಂದರು, 'ಸಾರ್ಜೆಂಟ್ ಪೆಪ್ಪರ್ಸ್' 24ಕ್ಕೆ ಇಳಿಯಿತು. ಎರಡೂ ಆಲ್ಬಮ್‌ಗಳಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ. ಇಷ್ಟು ವರ್ಷ ಇದನ್ನು ಮನೆಯಲ್ಲಿ, ಕಾರಿನಲ್ಲಿ, ಅಡುಗೆ ಮಾಡುತ್ತಾ ಕೇಳುತ್ತಿದ್ದ ಹೆಂಗಸರು, ಕಪ್ಪು ಜನ, ಆಗ ಚಿಕ್ಕವರಾಗಿದ್ದ ಹಾಡುಗಾರರು ಇವರನ್ನೆಲ್ಲ ಮೊದಲು ಅಷ್ಟಾಗಿ ಯಾರೂ ಕೇಳಿರಲಿಲ್ಲ ಅಂತ ನನ್ನ ನಂಬಿಕೆ.

ಈಗ ಆ ಪ್ರಶ್ನೆ. ಆಮೇಲೆ ಏನು ಮಾಡಿದ್ಳು?

ಆಲ್ಬಮ್‌ನಲ್ಲಿ 'ಟು ಝಯಾನ್' ಅಂತ ಒಂದು ಹಾಡಿದೆ. ಗಿಟಾರ್ ಕಾರ್ಲೋಸ್ ಸಾಂಟಾನಾ ಅವರದು. ಝಯಾನ್ ಲಾರಿನ್ ಹಿಲ್ ಅವರ ಮೊದಲ ಮಗ, ಬಾಬ್ ಮಾರ್ಲಿ ಅವರ ಮೊಮ್ಮಗ. ಬಸುರಿ ಅಂತ ಗೊತ್ತಾದಾಗ ಸುತ್ತಲಿನವರು, ನಿನ್ನ ಕೆರಿಯರ್ ನೋಡಿಕೋ ಅಂದರಂತೆ. ಅವರು ಮಗುವನ್ನು ಆರಿಸಿಕೊಂಡರು. ಅದನ್ನೇ ಹಾಡಿದರು. 2002ರಲ್ಲಿ ಗಿಟಾರ್ ಹಿಡಿದು ಹಾಡಿದ ಒಂದು ಲೈವ್ ಆಲ್ಬಮ್ ಬಂತು. ಅದು ಬಿಟ್ಟರೆ ಮತ್ತೊಂದು ಸ್ಟುಡಿಯೋ ಆಲ್ಬಮ್ ಅವರ ಹೆಸರಲ್ಲಿ ಬರಲಿಲ್ಲ. ಯಾಕೆ ಅನ್ನೋದು ಅವರ ಬದುಕು. ನಮಗೆ ಅವರು ಲೆಕ್ಕ ಒಪ್ಪಿಸಬೇಕಾಗಿಲ್ಲ.

ಮಗಳು ಹುಟ್ಟಿದಾಗ ನಾನೂ ಕೆಲಸ ಬಿಟ್ಟಿದ್ದೆ. ಮತ್ತೆ ಕೆಲಸಕ್ಕೆ ಅಂತ ಒಂದು ಕಡೆ ಇಂಟರ್‌ವ್ಯೂಗೆ ಹೋದಾಗ, ಎದುರಿಗೆ ಕೂತಿದ್ದ ಮನುಷ್ಯ ನಾನು ಮೊದಲು ಮಾಡಿದ್ದ ಕೆಲಸದ ಹಾಳೆ ತಿರುವಿಯೂ ನೋಡದೆ, "ಆಮೇಲೆ ಏನು ಮಾಡ್ತಿದ್ರಿ ಇಷ್ಟು ದಿನ?" ಅಂದ. ಭಾವ ಕೇಳಿದ್ದೂ ಥೇಟ್ ಅದೇ ದನಿಯಲ್ಲಿ. ಅವರಿಗೆ ಅದು ಗೊತ್ತಾಗಲಿಲ್ಲ, ಗೊತ್ತಾಗಿದ್ದರೆ ಆ ಮಾತು ಆಡುವವರೂ ಅಲ್ಲ. ಅಕ್ಕನಿಗೆ ಗೊತ್ತಾಯಿತು. ಅವಳು ನನ್ನ ಮುಖ ನೋಡಿದಳು, ಮಾತು ಬದಲಿಸಲಿಲ್ಲ, "ಮಾಡಿದ್ದು ಚೆನ್ನಾಗಿದೆಯೋ ಇಲ್ಲವೋ ಅದು ಹೇಳಿ" ಅಂದಳು ಗಂಡನಿಗೆ. ಆ ಮಧ್ಯಾಹ್ನ ಯಾರಾದರೂ ಸರಿಯಾಗಿ ಮಾತಾಡಿದ್ದರೆ ಅದು ಅಕ್ಕ. ಅವಳು ಹಾಡು ಕೇಳುವವಳೂ ಅಲ್ಲ!

ಭಾವ ಪಟ್ಟಿಯ ಮೇಲೆ ಜಗಳ ಆಡಬಾರದು ಅಂತ ನಾನು ಹೇಳುವುದಿಲ್ಲ. ಆಡಬೇಕು. ಜೋನಿ ಮಿಚೆಲ್ ಅವರ 'ಬ್ಲೂ' 16ನೇ ಸ್ಥಾನದಲ್ಲಿದೆ, ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಅಡೆಲ್ ಅವರ '21'. ಅಡೆಲ್ ನನಗೂ ಇಷ್ಟ, ಆ ದನಿಗೆ ಸೋಲದವರು ಯಾರು? ಆದರೆ 1971ರಲ್ಲಿ ಒಂದು ಪಿಯಾನೋ, ಒಂದು ಗಿಟಾರ್, ಡಲ್ಸಿಮರ್ ಅನ್ನೋ ಒಂದು ತಂತಿವಾದ್ಯ ಇಟ್ಟುಕೊಂಡು ಮನಸ್ಸನ್ನು ಪೂರ್ತಿ ತೆರೆದಿಟ್ಟ ಆಲ್ಬಮ್ ಅದರ ಕೆಳಗೆ ಇರಬೇಕಾ? 2023ರಲ್ಲಿ ಮತ್ತೆ ಹಾಡಿದ ಟೇಲರ್ ಸ್ವಿಫ್ಟ್ ಅವರ '1989' 18ರಲ್ಲಿದ್ದು, ಬೀಚ್ ಬಾಯ್ಸ್‌ನ 'ಪೆಟ್ ಸೌಂಡ್ಸ್' 20ರಲ್ಲಿ ಇರಬೇಕಾ? ಈ ವಿಷಯಕ್ಕೆ ಭಾವ ಜಗಳಕ್ಕೆ ಇಳಿದರೆ ನಾನು ಅವರ ಪಕ್ಷ. ಮೊದಲ ಸ್ಥಾನ ಮಾತ್ರ ಮುಟ್ಟಬೇಡಿ ಭಾವ, ಅದು ಸರಿಯಾಗಿದೆ.